ಗಂಭೀರ ನೀಲಿ ಗೋಡೆ

ಬಣ್ಣದಣ್ಣ ಸಂಜೆಯ ಟೀವಿ ಸುದ್ದಿಯನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆದರೆ ಪ್ರಪಂಚದಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದರೆ ಅವನಿಗೆ ಒಂದಕ್ಷರವೂ ಗೊತ್ತಿರುತ್ತಿರಲಿಲ್ಲ. ಯಾವ ಸರ್ಕಾರ ಬಿತ್ತು, ಎಲ್ಲಿ ಸೇತುವೆ ಕುಸಿಯಿತು, ಯಾರು ಪಂದ್ಯ ಗೆದ್ದರು, ಇವೆಲ್ಲ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅವನು ನೋಡುತ್ತಿದ್ದುದು ಸುದ್ದಿ ಓದುವ ಹೆಣ್ಣುಮಗಳ ಹಿಂದಿನ ಗೋಡೆಯನ್ನು. ಆ ಗೋಡೆ ಅವನದು.

ಅವನದು ಎಂದರೆ ಅವನು ಕಟ್ಟಿಸಿದ್ದಲ್ಲ, ಬಳಿದದ್ದೂ ಅಲ್ಲ. ಅದರ ಬಣ್ಣ ಬೆರೆಸಿದವನು ಅವನು. ಪೇಂಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಣ್ಣ ಬೆರೆಸುವುದೇ ಅವನ ಉದ್ಯೋಗ. ಗಿರಾಕಿ ಹಳೇ ಬಾಗಿಲಿನ ಚಕ್ಕೆಯನ್ನೋ ಮಾಸಿದ ಪರದೆಯ ಚೂರನ್ನೋ ತಂದು ಇದೇ ಬಣ್ಣ ಬೇಕು ಎಂದರೆ ಸಾಕು, ಬಿಳಿ ಡಬ್ಬಿಗೆ ಇಷ್ಟು ಕಪ್ಪು, ಚೂರು ಹಳದಿ, ಒಂದು ಹನಿ ಕೆಂಪು ಬಿಟ್ಟು, ಕಡ್ಡಿಯಲ್ಲಿ ತಿರುವಿ, ಕಾಗದಕ್ಕೆ ಬಳಿದು ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದ. ಅಂಗಡಿಗೆ ಬಣ್ಣ ಬೆರೆಸುವ ಕಂಪ್ಯೂಟರ್ ಬಂದಾಗಿನಿಂದ ಅವನು ಅದನ್ನು ಮನೆಗೆ ಬಂದ ಸವತಿಯನ್ನು ನೋಡಿದ ಹಾಗೆ ನೋಡುತ್ತಿದ್ದ.

ಟೀವಿ ಸ್ಟೇಷನ್ನಿನವರು ಸುದ್ದಿಯ ಕೋಣೆಗೆ ಹೊಸ ಬಣ್ಣ ಹೊಡೆಸುವಾಗ ಕಂಪ್ಯೂಟರಿನ ಬಣ್ಣಗಳನ್ನೆಲ್ಲ ಬೇಡವೆಂದರಂತೆ. ಒಂದು ಮಕ್ಕಳ ಕೋಣೆಯ ಹಾಗಿದೆ, ಇನ್ನೊಂದು ಆಸ್ಪತ್ರೆಯ ಹಾಗಿದೆ ಎಂದು ಮೂಗು ಮುರಿದರಂತೆ. ಕೊನೆಗೆ ಬಣ್ಣ ಹೊಡೆಯುವ ಮೇಸ್ತ್ರಿ ಬಂದು ಬಣ್ಣದಣ್ಣನ ಕಾಲಿಗೆ ಬಿದ್ದ. ಮೇಸ್ತ್ರಿ ನಿಜವಾಗಿ ಬಿದ್ದನೋ ಇಲ್ಲವೋ, ಕತೆ ಹೇಳುವಾಗಲೆಲ್ಲ ಬೀಳುತ್ತಿದ್ದ. ಬಣ್ಣದಣ್ಣ ಬಾಗಿಲು ಹಾಕಿಕೊಂಡು ಇಡೀ ಬೆಳಗು ಬೆರೆಸಿ, ನೀಲಿಯೂ ಅಲ್ಲದ ಬೂದಿಯೂ ಅಲ್ಲದ ಒಂದು ಬಣ್ಣ ಹಿಡಿದು ಹೊರಗೆ ಬಂದ.

“ಸುದ್ದಿ ಅಂದ್ರೆ ತಮಾಷೆ ಅಲ್ಲ. ಇದಕ್ಕೆ ಗಂಭೀರ ನೀಲಿ ಅಂತ ಹೆಸರು,” ಎಂದ.

ಆ ಬಣ್ಣ ಬಳಿದ ಕಾರ್ಡಿನ ತುಂಡೊಂದನ್ನು ಅವನು ಪರ್ಸಿನಲ್ಲಿ ಇಟ್ಟುಕೊಂಡಿದ್ದ. ಪರ್ಸಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಕಿಟಕಿ ಇರುತ್ತದಲ್ಲ, ಲೋಕದ ಗಂಡಸರು ಹೆಂಡತಿಯ ಫೋಟೋ ಇಡುವ ಜಾಗ, ಅಲ್ಲಿ. ಹೆಂಡತಿ ಇದನ್ನು ಗಮನಿಸಿರಲಿಲ್ಲ ಎಂದು ಅವನು ತಿಳಿದಿದ್ದ.

ಇಷ್ಟಕ್ಕೇ ನಿಂತಿದ್ದರೆ ಟೀವಿ ಕೊಳ್ಳುವ ಮಾತೇ ಬರುತ್ತಿರಲಿಲ್ಲ. ಮಗಳ ಮದುವೆಯ ಊಟದ ಹೊತ್ತಿನಲ್ಲಿ ಅವನು ಈ ಗೋಡೆಯ ಕತೆಯನ್ನು ಬೀಗರ ಮುಂದೆ ಬಿಚ್ಚಿದ. ಬೀಗರು ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಯಾರು ಏನು ಹೇಳಿದರೂ ಉತ್ತರಪತ್ರಿಕೆ ತಿದ್ದುವವರಂತೆ ಕೇಳುತ್ತಿದ್ದರು. ಕತೆಯಲ್ಲಿ ಮೇಸ್ತ್ರಿ ಕಾಲಿಗೆ ಬಿದ್ದದ್ದೂ ಆಯಿತು, ಗಂಭೀರ ನೀಲಿ ಹುಟ್ಟಿದ್ದೂ ಆಯಿತು. ಬೀಗರು ನಿಧಾನವಾಗಿ ನೀರು ಕುಡಿದು, “ನೋಡೋಣ,” ಎಂದರು.

ಆ “ನೋಡೋಣ” ಬಣ್ಣದಣ್ಣನ ಎದೆಯಲ್ಲಿ ಮುಳ್ಳಾಗಿ ಕೂತಿತು. ಈಗ ಬೀಗರು ಬರುವ ಭಾನುವಾರ ಮೊದಲ ಸಲ ಮನೆಗೆ ಬರುವವರಿದ್ದರು. ಬಂದರೆ ಸಂಜೆಯ ಸುದ್ದಿ ನೋಡದೆ ಹೋಗುವುದಿಲ್ಲ. ಮನೆಯಲ್ಲಿದ್ದ ಹಳೇ ಡಬ್ಬಾ ಟೀವಿಯಲ್ಲಿ ಗಂಭೀರ ನೀಲಿ ಪಾತ್ರೆ ತೊಳೆದ ನೀರಿನ ಹಾಗೆ ಕಾಣುತ್ತಿತ್ತು. ಅದನ್ನು ತೋರಿಸಿ ಇದು ನನ್ನದು ಎನ್ನುವುದಕ್ಕಿಂತ ಊರು ಬಿಡುವುದು ಮೇಲು ಎಂದು ಬಣ್ಣದಣ್ಣ ತೀರ್ಮಾನಿಸಿದ.

“ಗೋಡೆಗೆ ನೇತುಹಾಕೋ ದೊಡ್ಡ ಟೀವಿ ತರೋಣ,” ಎಂದ ಹೆಂಡತಿಗೆ.

ಹೆಂಡತಿ ಇದನ್ನೇ ವರ್ಷಗಟ್ಟಲೆ ಕೇಳಿ ಕೇಳಿ ಬಾಯಿ ನೋಯಿಸಿಕೊಂಡು ಬಿಟ್ಟವಳು. ಅವಳು ಕಾರಣ ಕೇಳಲಿಲ್ಲ. ಗಂಡನ ಮನಸ್ಸು ಬದಲಾಗುವ ಮೊದಲೇ ಚಪ್ಪಲಿ ಮೆಟ್ಟಿಕೊಂಡಳು.

ಟೀವಿ ಅಂಗಡಿಯ ಒಂದಿಡೀ ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಸುದ್ದಿ, ಒಬ್ಬಳೇ ಹೆಣ್ಣುಮಗಳು, ಒಂದೇ ಮಾತು. ಆದರೆ ಅವಳ ಹಿಂದಿನ ಗೋಡೆ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಒಂದರಲ್ಲಿ ನೇರಳೆ, ಒಂದರಲ್ಲಿ ಸೀಮೆಸುಣ್ಣ, ಮೂಲೆಯ ದೊಡ್ಡದರಲ್ಲಂತೂ ಬಾಡಿಗೆ ಮನೆಯ ಬಚ್ಚಲಿನ ಬಣ್ಣ. ಬಣ್ಣದಣ್ಣನಿಗೆ ತನ್ನ ಕೂಸನ್ನು ಯಾರೋ ವೇಷ ಹಾಕಿಸಿ ಸಾಲಾಗಿ ನಿಲ್ಲಿಸಿದಂತಾಯಿತು.

ಟೈ ಕಟ್ಟಿದ ಸೇಲ್ಸ್‌ಮನ್ ನಗುತ್ತ ಬಂದ. “ಹೇಳಿ ಸಾರ್, ಎಂಥದ್ದು ನೋಡ್ತಿದೀರಿ?”

“ಇದರಲ್ಲಿ ಯಾವುದು ಸರಿ?”

“ಎಲ್ಲಾನೂ ಸರಿ ಸಾರ್. ನಿಮ್ಮ ಕಣ್ಣಿಗೆ ಯಾವುದು ಇಷ್ಟ ಆಗುತ್ತೋ ಅದು ಸರಿ.”

ಈ ಮಾತಿಗೆ ಬಣ್ಣದಣ್ಣನ ಮೈ ಉರಿಯಿತು. “ಇಷ್ಟ ಆಗೋದು ಬೇರೆ, ಸರಿ ಇರೋದು ಬೇರೆ. ನಿಮ್ಮ ಪ್ಯಾಂಟಿಗೆ ತೇಪೆ ಹಾಕೋವಾಗ ಇಷ್ಟವಾದ ಬಟ್ಟೆ ಹಾಕ್ತೀರೋ, ಸರಿಯಾದ ಬಟ್ಟೆ ಹಾಕ್ತೀರೋ?”

ಸೇಲ್ಸ್‌ಮನ್ ಗಾಬರಿಯಾಗಿ ತನ್ನ ಪ್ಯಾಂಟು ಮುಟ್ಟಿ ನೋಡಿಕೊಂಡ. ಆಮೇಲೆ ಕೋಟಿ ಕೋಟಿ ಬಣ್ಣಗಳು, ಕಗ್ಗತ್ತಲೆಯಂಥ ಕಪ್ಪು, ಇನ್ನೂ ಏನೇನೋ ಹೇಳಿದ. ಬಣ್ಣದಣ್ಣ ಪರ್ಸಿನಿಂದ ಕಾರ್ಡು ತೆಗೆದು ಒಂದೊಂದು ಟೀವಿಗೂ ಒತ್ತಿ ಹಿಡಿದು ನೋಡುತ್ತ ಸಾಲಿನ ಉದ್ದಕ್ಕೂ ನಡೆದ. “ಕೋಟಿ ಬಣ್ಣ ಇದೆಯಂತೆ, ನನಗೆ ಬೇಕಾದ್ದು ಒಂದಿಲ್ಲ,” ಎಂದ.

ಹೆಂಡತಿ ಅಷ್ಟರಲ್ಲಿ ಒಂದು ಸೋಫಾ ನೋಡಿ ಕೂತಿದ್ದಳು. “ಯಾವುದಾದರೂ ತಗೊಳ್ರೀ. ಗೋಡೆ ನೋಡೋಕೆ ಯಾರಾದ್ರೂ ಟೀವಿ ತರ್ತಾರಾ? ನಮ್ಮನೇಲೇ ಇದಾವಲ್ಲ, ಸುತ್ತ ಗೋಡೆ.”

ಕೊನೆಗೆ ಬೇಸತ್ತ ಸೇಲ್ಸ್‌ಮನ್ ಒಂದು ಟೀವಿಯ ರಿಮೋಟನ್ನು ಅವನ ಕೈಗೆ ಕೊಟ್ಟು, ಕೆಂಪು, ಹಸಿರು, ನೀಲಿ ಹೆಚ್ಚು ಕಡಿಮೆ ಮಾಡುವ ಜಾಗ ತೋರಿಸಿದ. ಅಲ್ಲಿಗೆ ಎಲ್ಲ ಬದಲಾಯಿತು. ಬಣ್ಣದಣ್ಣನಿಗೆ ಅದು ರಿಮೋಟ್ ಅಲ್ಲ, ತನ್ನ ಹಿಂದಿನ ಕೋಣೆಯೇ. ಕೆಂಪನ್ನು ಹನಿ ಹನಿಯಾಗಿ ತೆಗೆದ. ಹಸಿರನ್ನು ಚೂರು ಬಿಟ್ಟ. ಹಳದಿಯ ಕಡೆ ಸ್ವಲ್ಪ ವಾಲಿಸಿದ. ಉಸಿರು ಬಿಗಿಹಿಡಿದು ಕಾರ್ಡು ಒತ್ತಿದ. ಕಾರ್ಡಿನ ಅಂಚು ಟೀವಿಯ ಗೋಡೆಯಲ್ಲಿ ಕರಗಿಹೋಯಿತು.

“ಇದೇ. ಕಟ್ಟಿಕೊಡಿ,” ಎಂದ. ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಸೇಲ್ಸ್‌ಮನ್ ಪರದೆಯ ಮೇಲಿನ ಹೆಣ್ಣುಮಗಳ ಮುಖವನ್ನು ನೋಡಿ ಏನೋ ಹೇಳಹೋದ. ಆಮೇಲೆ ಮಾರಾಟವಾಗಿದ್ದನ್ನು ನೆನೆದು ಸುಮ್ಮನಾದ. “ಬೇರೆ ಟೀವೀಲಿ ಕಾಣದ್ದೆಲ್ಲ ಇದರಲ್ಲಿ ಕಾಣುತ್ತೆ ಸಾರ್,” ಎಂದಷ್ಟೇ ಹೇಳಿದ. ಮುಂದಿನ ಅನಾಹುತಕ್ಕೆಲ್ಲ ಈ ಒಂದು ಮಾತೇ ಮೂಲ. ಯಾಕೆಂದರೆ ಬಣ್ಣದಣ್ಣ ಅದನ್ನು ನಂಬಿದ, ಬೀದಿಯ ತುಂಬ ಹೇಳಿಕೊಂಡು ಬಂದ.

ಟೀವಿ ನೋಡಲು ಮೊದಲು ಬಂದವರು ಪಕ್ಕದ ಮನೆಯ ನರ್ಸಮ್ಮ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ದುಡಿದು ಈಗ ಪಿಂಚಣಿ ಪಡೆಯುತ್ತಿದ್ದರೂ ಅವರ ಕೈಗೆ ಸುಮ್ಮನಿದ್ದು ಗೊತ್ತಿರಲಿಲ್ಲ. ಎದುರಿಗೆ ಸಿಕ್ಕವರ ನಾಡಿ ಹಿಡಿಯದೆ ಮಾತಾಡಿಸುವವರಲ್ಲ. ಸುದ್ದಿ ಶುರುವಾಯಿತು. ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

“ಅಯ್ಯೋ ಪಾಪ. ಈ ಹುಡುಗಿಗೆ ಕಾಮಾಲೆ.”

“ಗೋಡೆ ನೋಡಿ,” ಎಂದ ಬಣ್ಣದಣ್ಣ.

“ಗೋಡೆಗೇನಾಗಿದೆ, ಗಟ್ಟಿಮುಟ್ಟಾಗಿದೆ. ಹುಡುಗಿ ಕಣ್ಣು ನೋಡಿ. ಹಲ್ಲು ನೋಡಿ, ಹಲ್ಲಿಗೂ ಏರಿದೆ.”

ಬಣ್ಣದಣ್ಣನ ಹೆಂಡತಿ ಒಳಗಿನಿಂದ ಬಂದು ನೋಡಿದಳು. ಸುದ್ದಿಯ ಹೆಣ್ಣುಮಗಳು ನಿಜವಾಗಿಯೂ ಬಲಿತ ಸೌತೆಕಾಯಿಯ ಬಣ್ಣಕ್ಕೆ ತಿರುಗಿದ್ದಳು. “ನಮ್ಮ ಹಳೇ ಟೀವೀಲಿ ಚೆನ್ನಾಗೇ ಇದ್ದಳಲ್ಲ,” ಎಂದಳು.

“ಹಳೇದರಲ್ಲಿ ಏನು ಕಾಣುತ್ತೆ ಮಣ್ಣು,” ಎಂದ ಬಣ್ಣದಣ್ಣ, ಗೋಡೆಯಿಂದ ಕಣ್ಣು ಕೀಳದೆ. “ಬೇರೆ ಟೀವೀಲಿ ಕಾಣದ್ದೆಲ್ಲ ಇದರಲ್ಲಿ ಕಾಣುತ್ತೆ ಅಂತ ಅಂಗಡಿಯವನೇ ಹೇಳಿದಾನೆ.”

ನರ್ಸಮ್ಮನಿಗೆ ಇಷ್ಟು ಸಾಕಾಯಿತು. ಮರುದಿನ ಬೀದಿಯ ಹೆಂಗಸರೆಲ್ಲ ಹಜಾರದಲ್ಲಿ ಜಮಾಯಿಸಿದರು. ತಮ್ಮ ತಮ್ಮ ಮನೆಯಲ್ಲಿ ಗುಲಾಬಿ ಬಣ್ಣಕ್ಕೆ ಕಾಣುತ್ತಿದ್ದ ಆ ಮುಖ ಇಲ್ಲಿ ಹಳದಿಹಸಿರಾಗಿದ್ದನ್ನು ಕಂಡು, ಒಳಗಿನ ಕಾಯಿಲೆಯನ್ನು ಹೊರಗೆ ತೋರಿಸುವ ಟೀವಿ ಇದು ಎಂದು ಒಪ್ಪಿಕೊಂಡರು. ಸುದ್ದಿಯ ನಡುವೆ ಮಂತ್ರಿಯೊಬ್ಬರು ಬಂದರು. ಅವರಿಗೂ ಕಾಮಾಲೆ. ಹವಾಮಾನ ಹೇಳುವವನಿಗೂ ಕಾಮಾಲೆ. ಅಡುಗೆ ಕಾರ್ಯಕ್ರಮದ ದಪ್ಪ ಹೆಂಗಸು ಕಾಣಿಸಿಕೊಂಡಾಗ ನರ್ಸಮ್ಮ ಎದೆಗೆ ಕೈ ಇಟ್ಟುಕೊಂಡು, “ಇದು ಒಬ್ಬರ ಕಾಯಿಲೆ ಅಲ್ಲ. ಸ್ಟೇಷನ್ನಿನ ನೀರೇ ಕೆಟ್ಟಿದೆ,” ಎಂದು ತೀರ್ಪು ಕೊಟ್ಟರು.

ಈ ಗದ್ದಲದ ನಡುವೆ ಬಣ್ಣದಣ್ಣ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ತನ್ನ ಗೋಡೆ ನೋಡಲು ಇಷ್ಟು ಜನ ಬಂದಿದ್ದಾರೆಂದು ಅವನ ಎದೆ ಉಬ್ಬಿತ್ತು. ಹೆಂಗಸರು ಕಣ್ಣೊರೆಸಿಕೊಂಡಾಗ, ಬಣ್ಣಕ್ಕೆ ಇಂಥ ಶಕ್ತಿ ಇರುತ್ತದೆಂದು ಅವನಿಗೇ ಆಶ್ಚರ್ಯವಾಯಿತು.

ಎದುರುಮನೆಯಲ್ಲಿ ಆರೋಗ್ಯ ಇನ್ಸ್‌ಪೆಕ್ಟರ್ ಇದ್ದರು. ಬಹಳ ದಿನಗಳಿಂದ ಅವರಿಗೆ ದೊಡ್ಡ ಕೇಸು ಯಾವುದೂ ಸಿಕ್ಕಿರಲಿಲ್ಲ. ನರ್ಸಮ್ಮ ಅವರನ್ನು ಕೈಹಿಡಿದು ಎಳೆದು ತಂದು ಟೀವಿ ಮುಂದೆ ಕೂರಿಸಿದರು. ಇನ್ಸ್‌ಪೆಕ್ಟರು ಒಂದು ಬುಲೆಟಿನ್ ಪೂರ್ತಿ ನೋಡಿದರು. ಪರದೆಯ ಮೇಲೆ ಬಂದವರೆಲ್ಲ ರೋಗಿಗಳೇ.

“ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ,” ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ಬಡ್ತಿಯ ಆಸೆಯೇ ಹೆಚ್ಚಿತ್ತು.

ಮಾರನೆಯ ಬೆಳಿಗ್ಗೆ ಇಲಾಖೆಯ ಜೀಪು ಟೀವಿ ಸ್ಟೇಷನ್ನಿನ ಮುಂದೆ ನಿಂತಿತು. ನೀರಿನ ತೊಟ್ಟಿ ಖಾಲಿಯಾಯಿತು, ಕ್ಯಾಂಟೀನಿಗೆ ಬೀಗ ಬಿತ್ತು, ಎಲ್ಲರ ತೋಳಿನಿಂದಲೂ ರಕ್ತ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಸ್ಟೇಷನ್ನಿನ ಮ್ಯಾನೇಜರ್ ಒಂದು ಲೋಟ ಕಾಫಿಯೂ ಇಲ್ಲದೆ ಕೆಂಡವಾಗಿ, ಈ ಕಾಯಿಲೆಯ ಸುದ್ದಿ ಹುಟ್ಟಿದ್ದು ಎಲ್ಲಿ ಎಂದು ವಿಚಾರಿಸಿದ. ಇನ್ಸ್‌ಪೆಕ್ಟರು ಕೈತೋರಿಸಿದ್ದು ಬಣ್ಣದಣ್ಣನ ಮನೆಯ ಕಡೆಗೆ.

ಸ್ಟೇಷನ್ನಿನಿಂದ ಕರೆ ಬಂದಾಗ ಬಣ್ಣದಣ್ಣ ಮರುಮಾತಾಡಲಿಲ್ಲ. ಒಳ್ಳೆಯ ಶರ್ಟು ತೆಗೆದು ಇಸ್ತ್ರಿ ಮಾಡಲು ಕೂತ.

“ಸನ್ಮಾನ ಇರಬೇಕು. ಗೋಡೆ ವಿಷಯ ಅವರ ಕಿವಿಗೂ ಬಿದ್ದಿದೆ. ನೀನೂ ಬಾ,” ಎಂದ ಹೆಂಡತಿಗೆ.

“ಕರೆದವರ ದನಿ ಹೆಂಗಿತ್ತು?” ಎಂದು ಹೆಂಡತಿ ಕೇಳಿದಳು.

“ಗಂಭೀರವಾಗಿತ್ತು.”

ಗಂಡಹೆಂಡಿರ ಹಿಂದೆಯೇ ನರ್ಸಮ್ಮನೂ ಹೊರಟರು. ಸುದ್ದಿಯ ಕೋಣೆಯಲ್ಲಿ ಮ್ಯಾನೇಜರ್, ಇನ್ಸ್‌ಪೆಕ್ಟರ್, ಅವರ ಪಕ್ಕದಲ್ಲಿ ಸುದ್ದಿ ಓದುವ ಹೆಣ್ಣುಮಗಳು ನಿಂತಿದ್ದರು. ನರ್ಸಮ್ಮ ನಮಸ್ಕಾರವನ್ನೂ ಹೇಳದೆ ನೇರ ಹೋಗಿ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದರು. “ನಾಲಿಗೆ ಚಾಚಮ್ಮ.” ಹೆಣ್ಣುಮಗಳು ಗಲಿಬಿಲಿಯಲ್ಲಿ ಚಾಚಿಯೇಬಿಟ್ಟಳು. ನರ್ಸಮ್ಮ ಅವಳನ್ನು ಬೆಳಕಿಗೆ ತಿರುಗಿಸಿ, ಇನ್ನೊಮ್ಮೆ ನೋಡಿ, ಪೆಚ್ಚಾಗಿ ಕೈಬಿಟ್ಟರು. “ಇವಳಿಗೆ ಏನೂ ಆಗಿಲ್ಲ. ನನಗಿಂತ ಗಟ್ಟಿಯಾಗಿದಾಳೆ.”

“ಅದನ್ನೇ ನಾನು ಬೆಳಿಗ್ಗೆಯಿಂದ ಬಡ್ಕೋತಿರೋದು,” ಎಂದ ಮ್ಯಾನೇಜರ್.

ಇನ್ಸ್‌ಪೆಕ್ಟರು ತಮ್ಮ ಬಡ್ತಿ ಕೈಜಾರುವುದನ್ನು ಕಂಡು, “ಹಾಗಾದ್ರೆ ಟೀವೀಲಿ ಯಾಕೆ ಹಂಗೆ ಕಾಣ್ತಿದ್ದರು?” ಎಂದರು.

ಹೆಣ್ಣುಮಗಳು ನಾಲಿಗೆ ಒಳಗೆಳೆದುಕೊಂಡು ಬಣ್ಣದಣ್ಣನ ಕಡೆ ತಿರುಗಿದಳು. “ನಿಮ್ಮ ಟೀವೀಲಿ ಬಣ್ಣ ಯಾರು ಹೊಂದಿಸಿದ್ದು?”

“ನಾನೇ,” ಎಂದ ಬಣ್ಣದಣ್ಣ ತಲೆಯೆತ್ತಿ. ಸನ್ಮಾನ ಶುರುವಾಯಿತೆಂದು ಅವನ ಲೆಕ್ಕ.

“ನನ್ನ ಮುಖ ನೋಡಿಕೊಂಡು ಹೊಂದಿಸಿದಿರಾ?”

“ಇಲ್ಲಮ್ಮ. ನಿಮ್ಮ ಮುಖ ನಾನು ಈವತ್ತೇ ನೋಡ್ತಿರೋದು. ಗೋಡೆಗೆ ಹೊಂದಿಸಿದೆ.”

ಇನ್ಸ್‌ಪೆಕ್ಟರು ಚಾವಣಿ ನೋಡಿದರು, ನರ್ಸಮ್ಮ ನೆಲ ನೋಡಿದರು, ಮ್ಯಾನೇಜರ್ ಮಾತ್ರ ಬಣ್ಣದಣ್ಣನನ್ನೇ ನೋಡಿದ. “ಒಂದು ಗೋಡೆಗೋಸ್ಕರ ನಮ್ಮ ತೊಟ್ಟಿ ಖಾಲಿ ಮಾಡಿಸಿದಿರಾ?”

ಬಣ್ಣದಣ್ಣನಿಗೆ ಈಗ ಎಲ್ಲ ಅರ್ಥವಾಯಿತು. ಕಿವಿಯ ತುದಿಯವರೆಗೂ ಬಿಸಿಯಾಯಿತು. ಭೂಮಿ ಬಾಯಿಬಿಟ್ಟಿದ್ದರೆ ಇಸ್ತ್ರಿ ಶರ್ಟಿನ ಸಮೇತ ಇಳಿದುಹೋಗುತ್ತಿದ್ದ. ಆದರೆ ಎದುರಿಗೆ ಅವನ ಗೋಡೆ ಇತ್ತು. ಬಳಿದ ಮೇಲೆ ಅದನ್ನು ಅವನು ಕಣ್ಣಾರೆ ನೋಡುತ್ತಿದ್ದುದು ಇದೇ ಮೊದಲು. ಕಾಲು ತಾನಾಗಿ ಅತ್ತ ನಡೆಯಿತು. ಪರ್ಸಿನಿಂದ ಕಾರ್ಡು ತೆಗೆದು ಗೋಡೆಗೆ ಒತ್ತಿದ. ಅಂಚು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹತ್ತಿರ ಬಂದವರಿಗೂ ತಿಳಿಯಲಿಲ್ಲ. ಅವನ ಬೆರಳು ಬರಿಯ ಗೋಡೆಯನ್ನು ಹಿಡಿದುಕೊಂಡಂತೆ ಕಾಣುತ್ತಿತ್ತು.

ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. ಇಷ್ಟು ವರ್ಷ ಮಾತಿನಲ್ಲಿ ಕೇಳಿ ಕೇಳಿ ಬೇಸತ್ತಿದ್ದ ಬಣ್ಣ ಅದು. ಅವಳು ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದಳು.

“ಕ್ಯಾಮೆರಾ, ದೀಪ, ನಿಮ್ಮ ಟೀವಿ, ಎಲ್ಲ ಸೇರಿ ಒಂದಿಷ್ಟು ಬದಲಾಗೇ ಆಗುತ್ತೆ,” ಎಂದಳು ಸುದ್ದಿಯ ಹೆಣ್ಣುಮಗಳು. ಅವಳಿಗೆ ಸಿಟ್ಟಿಗಿಂತ ನಗು ಬಂದಿತ್ತು. “ಗೋಡೆ ಸರಿ ಮಾಡಿದ್ರೆ ನಾನು ಕೆಡ್ತೀನಿ, ನನ್ನನ್ನ ಸರಿ ಮಾಡಿದ್ರೆ ಗೋಡೆ ಕೆಡುತ್ತೆ. ಯಾವುದು ಬೇಕು ನೀವೇ ಹೇಳಿ.”

ಬಣ್ಣದಣ್ಣ ಪ್ರಾಮಾಣಿಕವಾಗಿ ಯೋಚಿಸಿದ. ಬಹಳ ಹೊತ್ತು ತೆಗೆದುಕೊಂಡ. “ನಿಮ್ಮನ್ನ ಮಾಡಿದ್ದು ದೇವರಮ್ಮ. ಗೋಡೆ ಮಾಡಿದ್ದು ನಾನು,” ಎಂದ. ಆಮೇಲೆ ಅವಳ ತೋಳಿನಲ್ಲಿ ರಕ್ತ ತೆಗೆದ ಜಾಗಕ್ಕೆ ಒತ್ತಿದ್ದ ಹತ್ತಿ ಕಣ್ಣಿಗೆ ಬಿತ್ತು. ಅವನಿಗೆ ನಾಚಿಕೆಯಾಯಿತು. “ಇರಲಿ ಬಿಡಿ. ಮನೆಗೆ ಹೋಗಿ ನಿಮ್ಮನ್ನೇ ಸರಿ ಮಾಡ್ತೀನಿ,” ಎಂದ.

ಹೇಳಿದಂತೆ ಮಾಡಿದ. ಶನಿವಾರ ಸಂಜೆ ರಿಮೋಟ್ ಹಿಡಿದು, ತೆಗೆದ ಕೆಂಪನ್ನು ಹನಿ ಹನಿಯಾಗಿ ವಾಪಸು ಬಿಟ್ಟ. ಹೆಣ್ಣುಮಗಳ ಕೆನ್ನೆಗೆ ಜೀವ ಬಂತು, ಹಲ್ಲು ಬೆಳ್ಳಗಾಯಿತು, ಮಂತ್ರಿಯ ಕಾಮಾಲೆ ವಾಸಿಯಾಯಿತು. ಗಂಭೀರ ನೀಲಿ ಮಾತ್ರ ಇಷ್ಟಿಷ್ಟೇ ಮಾಸುತ್ತ ಹೋಗಿ, ಯಾವ ಅಂಗಡಿಯಲ್ಲೂ ಡಬ್ಬಿಗಟ್ಟಲೆ ಸಿಗುವ ನೇರಳೆಯಾಗಿ ನಿಂತಿತು. ಬೀದಿಯವರು ಬಂದು ನೋಡಿ, ಹುಡುಗಿ ಗುಣವಾದಳೆಂದು ಸಮಾಧಾನಪಟ್ಟು ಹೋದರು. ನರ್ಸಮ್ಮ ತಾವು ಸ್ಟೇಷನ್ನಿಗೇ ಹೋಗಿ ಹೇಳಿಬಂದ ಪಥ್ಯದಿಂದಲೇ ಗುಣವಾದದ್ದೆಂದು ಆಗಲೇ ಹೇಳಿಕೊಂಡು ತಿರುಗುತ್ತಿದ್ದರು. ಬಣ್ಣದಣ್ಣ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಬೀಗರು ಬಂದರು. ಬೀಗಿತ್ತಿ ಮನೆಯೆಲ್ಲ ನೋಡಿ ಮೆಚ್ಚಿದರು. ಬೀಗರು ಹಜಾರದ ಒಳ್ಳೆಯ ಕುರ್ಚಿಯಲ್ಲಿ ಕೂತು ಎದುರಿನ ಟೀವಿಯನ್ನು ಅಳೆದು ನೋಡಿದರು. ಸುದ್ದಿಯ ಹೊತ್ತಾಗುತ್ತಿದ್ದಂತೆ ಬಣ್ಣದಣ್ಣ ಒಂದಲ್ಲ ಒಂದು ನೆವ ತೆಗೆದು ಒಳಗೂ ಹೊರಗೂ ಓಡಾಡಿದ. ಕರೆಂಟು ಹೋಗಲೆಂದು ಮನಸ್ಸಿನಲ್ಲೇ ಬೇಡಿಕೊಂಡ. ಕರೆಂಟು ಹೋಗಲಿಲ್ಲ.

“ಹಾಕಿ ನೋಡೋಣ,” ಎಂದರು ಬೀಗರು.

ಹೆಣ್ಣುಮಗಳು ಕಾಣಿಸಿಕೊಂಡಳು. ಹಿಂದೆ ಆ ನೇರಳೆ. ಬೀಗರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇದೇನಾ ನೀವು ಹೇಳ್ತಿದ್ದ ಗೋಡೆ?”

ಬಣ್ಣದಣ್ಣ ಬಾಯಿ ತೆರೆದ. ಹೌದೆಂದರೆ ಈ ಬಣ್ಣಕ್ಕೆ ಅಪ್ಪನಾಗಬೇಕು, ಅಲ್ಲವೆಂದರೆ ಮದುವೆಯ ಊಟದಲ್ಲಿ ಹೇಳಿದ್ದೆಲ್ಲ ಸುಳ್ಳಾಗಬೇಕು.

“ಸಾಧಾರಣವಾಗಿದೆ,” ಎಂದು ಬೀಗರು ಅಂಕ ಹಾಕಿದರು.

ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ಬಂದಳು. ಕೈಯಲ್ಲಿದ್ದ ಕಾಫಿಯನ್ನು ಬೀಗರ ಮುಂದೆ ಇಟ್ಟು ಅಲ್ಲೇ ನಿಂತಳು.

“ಬೀಗರೇ, ಆ ಗೋಡೆ ನಾನು ಕಣ್ಣಾರೆ ನೋಡಿ ಬಂದಿದೀನಿ. ಕೈಯಲ್ಲಿ ಮುಟ್ಟಿ ಬಂದಿದೀನಿ. ಇವರು ಬೆರೆಸಿದ ಬಣ್ಣ ಅದು. ಅದನ್ನ ತೋರಿಸೋ ಯೋಗ್ಯತೆ ಈ ಟೀವಿಗಿಲ್ಲ. ಯಾವ ಟೀವಿಗೂ ಇಲ್ಲ.”

ಬಣ್ಣದಣ್ಣ ಹೆಂಡತಿಯ ಕಡೆ ನೋಡಿದ. ಮದುವೆಯಾದಾಗಿನಿಂದ ತನ್ನ ಕೆಲಸದ ಬಗ್ಗೆ ಅವಳು ಇನ್ನೊಬ್ಬರ ಮುಂದೆ ಆಡಿದ ಮೊದಲ ಮಾತು ಇದು.

ಬೀಗರು ಬಿಡುವವರಲ್ಲ. “ಮತ್ತೆ ಇಷ್ಟು ದೊಡ್ಡ ಟೀವಿ ಯಾಕೆ ತಂದ್ರಿ?”

“ಅಂಥ ಗೋಡೆ ಮುಂದೆ ಕೂತು ಓದೋಳ ಮುಖ ಆದ್ರೂ ಸರಿಯಾಗಿ ಕಾಣಲಿ ಅಂತ,” ಎಂದಳು ಅವಳು.

ಬೀಗರು ಕಾಫಿ ಕುಡಿದರು. ಪರದೆಯನ್ನೊಮ್ಮೆ, ಬಣ್ಣದಣ್ಣನನ್ನೊಮ್ಮೆ, ಆಮೇಲೆ ಬಹಳ ಹೊತ್ತು ಅವನ ಹೆಂಡತಿಯನ್ನು ನೋಡಿದರು. ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. “ನಮ್ಮ ಹಜಾರಕ್ಕೆ ಬಣ್ಣ ಹೊಡೆಸಬೇಕು ಅಂತಿದೀವಿ. ಯಾವ ಬಣ್ಣ ಆದೀತು, ನೀವೊಂದು ಮಾತು ಹೇಳಿದ್ರೆ...”

ಬಣ್ಣದಣ್ಣ ನೆಟ್ಟಗೆ ಕೂತ. ದೊಡ್ಡ ಡಾಕ್ಟರು ರೋಗಿಯ ಕಡೆಯವರನ್ನು ನೋಡುವ ಹಾಗೆ ಬೀಗರನ್ನು ನೋಡಿದ.

“ಗೋಡೆ ನೋಡದೆ ನಾನು ಮಾತಾಡೋದಿಲ್ಲ,” ಎಂದ. “ಮುಂದಿನ ವಾರ ಬರ್ತೀವಿ. ಇವಳೂ ಬರ್ತಾಳೆ. ಇವಳು ನೋಡಿ ಸರಿ ಅಂದ ಮೇಲೇ ನಾನು ಡಬ್ಬಿ ಮುಚ್ಚಳ ತೆಗೆಯೋದು.”